ಮೂರ್ತಪ್ಪನ ಹೆಬ್ಬೆಟ್ಟಿಗೆ ಮುನ್ನೂರ ಮೂವತ್ತು

ಮಲವಗೊಪ್ಪದ ಮೂರ್ತಪ್ಪ ತನ್ನ ಅರವತ್ತಾರನೆಯ ವಯಸ್ಸಿನಲ್ಲಿ, ಒಂದು ಮಂಗಳವಾರ ಬೆಳಗ್ಗೆ ಹನ್ನೊಂದು ಗಂಟೆಯ ಸುಮಾರಿಗೆ, ಕುಟುಂಬದ ಮುಖ್ಯಸ್ಥನಾದ.

ಅಲ್ಲಿಯವರೆಗೆ ಅವನು ಯಾವುದಕ್ಕೂ ಮುಖ್ಯಸ್ಥನಾಗಿರಲಿಲ್ಲ. ಮೂವತ್ತೆಂಟು ವರ್ಷ ಶಿವಮೊಗ್ಗ–ಭದ್ರಾವತಿ ನಡುವೆ ಓಡುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ. ಬಸ್ಸಿಗೆ ಮುಖ್ಯಸ್ಥ ತಾನೇ ಎಂದು ಡ್ರೈವರ್ ಹೇಳುತ್ತಿದ್ದ, ತಾನು ಎಂದು ಮಾಲೀಕ ಹೇಳುತ್ತಿದ್ದ; ಮೂರ್ತಪ್ಪನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ. ಮನೆಯಲ್ಲಂತೂ ಪಡಿತರ ಚೀಟಿಯ ಮೇಲೆ ಹೆಂಡತಿ ತುಂಗಮ್ಮನ ಫೋಟೋ ಇತ್ತು, ಪಕ್ಕದಲ್ಲಿ ‘ಕುಟುಂಬದ ಮುಖ್ಯಸ್ಥರು’ ಎಂದು ಅಚ್ಚಾಗಿತ್ತು. ಮನೆಯ ಹಿರಿಯ ಹೆಂಗಸೇ ಮುಖ್ಯಸ್ಥೆ ಎಂಬ ಆ ನಿಯಮಕ್ಕೆ ಮೂರ್ತಪ್ಪ ತಕರಾರು ಮಾಡಿರಲಿಲ್ಲ. ಅವನ ಮನೆಯಲ್ಲಿ ಅದು ಮೊದಲಿಂದಲೂ ಇದ್ದದ್ದೇ, ಸರ್ಕಾರಕ್ಕೆ ತಡವಾಗಿ ಗೊತ್ತಾಯಿತು ಅಷ್ಟೆ.

ಈಗ ಅವನನ್ನು ಮುಖ್ಯಸ್ಥನನ್ನಾಗಿ ಮಾಡಿದವಳು ಶಿವಮೊಗ್ಗದ ಆಧಾರ್ ಕೇಂದ್ರದಲ್ಲಿ ಕಂಪ್ಯೂಟರ್ ಮುಂದೆ ಕೂರುವ ಸುಪ್ರಿಯಾ ಎಂಬ ಹುಡುಗಿ. ಮೂರ್ತಪ್ಪ ಅಲ್ಲಿಗೆ ಹೋಗಿದ್ದು ಅಕ್ಕ ದ್ಯಾಮಮ್ಮನ ವಿಷಯ ವಿಚಾರಿಸಲು.

ದ್ಯಾಮಮ್ಮ ಭದ್ರಾವತಿಯಲ್ಲಿ ಕಾರ್ಖಾನೆಯ ಹಳೆಯ ಕ್ವಾರ್ಟರ್ಸಿನಲ್ಲಿದ್ದಳು. ಗಂಡ ರಾಮಯ್ಯ ಹೋಗಿ ಏಳು ವರ್ಷ, ಮಕ್ಕಳಿಲ್ಲ. ಹೇಳುವವರು ಕೇಳುವವರು ಇಲ್ಲದ್ದರಿಂದ ಅವಳು ಅಲ್ಲೇ ಉಳಿದುಕೊಂಡಿದ್ದಳು. ಈಗ ಹೇಳುವವರು ಬಂದಿದ್ದರು. ಸಾಲಿನ ಮನೆಗಳೆಲ್ಲ ಶಿಥಿಲವಾಗಿವೆ, ಮೂವತ್ತನೇ ತಾರೀಕಿನೊಳಗೆ ಖಾಲಿ ಮಾಡಿ, ಬೀಳಿಸುತ್ತೇವೆ ಎಂದು ಬಾಗಿಲಿಗೆ ಚೀಟಿ ಅಂಟಿಸಿ ಹೋಗಿದ್ದರು.

‘ಮಲವಗೊಪ್ಪಕ್ಕೆ ಬಾ ಅಕ್ಕ’ ಎಂದು ಮೂರ್ತಪ್ಪ ಕರೆದಾಗ ದ್ಯಾಮಮ್ಮ ಷರತ್ತು ಹಾಕಿದಳು.

‘ಬರ್ತೀನಿ. ಆದ್ರೆ ನೆಂಟರ ಹಾಗೆ ಬರಲ್ಲ. ಕಾಗದದಲ್ಲಿ ನನ್ನ ಹೆಸರಿನ ಕೆಳಗೆ ನಿಮ್ಮನೆ ವಿಳಾಸ ಬರ್ಲಿ. ಆಮೇಲೆ ನನ್ನ ಪಾಲಿನ ಅಕ್ಕಿ ಆ ಮನೆಗೇ ಬರುತ್ತೆ. ತಮ್ಮನ ಮನೇಲಿ ಬಿಟ್ಟಿ ಕೂಳು ತಿಂದ್ಲು ಅಂತ ಅನ್ನಿಸ್ಕೊಳ್ಳಲ್ಲ. ಅದು ಆಗದಿದ್ರೆ ತರೀಕೆರೆ ಹತ್ರ ಒಂದು ಮಠದಲ್ಲಿ ವಯಸ್ಸಾದೋರನ್ನ ಇಟ್ಕೊಳ್ತಾರಂತೆ. ಮಾತಾಡಿದೀನಿ.’

ದ್ಯಾಮಮ್ಮ ಹೇಳಿದ್ದನ್ನು ಮಾಡುವ ಹೆಂಗಸು. ಹಾಗಾಗಿ ಮೂರ್ತಪ್ಪ ಬೆಳಗ್ಗೆಯೇ ಕೇಂದ್ರದ ಬಾಗಿಲಲ್ಲಿ ನಿಂತಿದ್ದ. ಸುಪ್ರಿಯಾ ಸಮಾಧಾನದಿಂದ ವಿವರಿಸಿದಳು: ಅಜ್ಜಿಯ ಹೆಸರಿನಲ್ಲಿ ಹೊಸ ಮನೆಯ ಕಾಗದ ಯಾವುದೂ ಇಲ್ಲದಿದ್ದರೂ ಪರವಾಗಿಲ್ಲ, ಆ ಮನೆಯಲ್ಲಿರುವ ಒಬ್ಬರು ಕುಟುಂಬದ ಮುಖ್ಯಸ್ಥರಾಗಿ ಜೊತೆಗೆ ಬಂದು, ಇವರು ನಮ್ಮವರು ಎಂದು ಬರೆದುಕೊಟ್ಟು, ಮಿಷನ್ ಮೇಲೆ ಬೆರಳಿಟ್ಟರೆ ಸಾಕು.

‘ನನ್ನ ಹೆಂಡ್ತಿನ ಕರ್ಕೊಂಡ್ ಬರ್ಲಾ?’ ಅಭ್ಯಾಸಬಲದಿಂದ ಮೂರ್ತಪ್ಪ ಕೇಳಿದ.

‘ಅವ್ರು ಆಗಲ್ಲ ಯಜಮಾನ್ರೆ. ಒಡಹುಟ್ಟಿದವ್ರು ಆಗ್ಬಹುದು, ತಮ್ಮನ ಹೆಂಡ್ತಿ ಆಗಲ್ಲ. ನೀವೇ ಮುಖ್ಯಸ್ಥರು.’

ಮೂರ್ತಪ್ಪ ಒಂದು ಕ್ಷಣ ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ಹುಡುಗಿ ತನಗೇ ಹೇಳಿದ್ದಳು.

ಇಪ್ಪತ್ತೆಂಟನೇ ತಾರೀಕಿಗೆ ಟೋಕನ್ ಬರೆಸಿಕೊಂಡು ಬಸ್ ಹತ್ತಿದ ಮೂರ್ತಪ್ಪ, ಮಲವಗೊಪ್ಪ ಬರುವಷ್ಟರಲ್ಲಿ ಆ ಬಸ್ಸಿನ ಕಂಡಕ್ಟರನಿಗೆ, ಡ್ರೈವರನಿಗೆ, ಪಕ್ಕದಲ್ಲಿ ಕೋಳಿ ಹಿಡಿದುಕೊಂಡು ಕೂತಿದ್ದ ಹೆಂಗಸಿಗೆ ವಿಷಯ ತಿಳಿಸಿದ. ಮನೆಗೆ ಬಂದು ಅಂಗಳದಲ್ಲೇ ನಿಂತು ಘೋಷಿಸಿದ.

‘ಏ ತುಂಗಾ, ಇನ್ಮೇಲೆ ಕುಟುಂಬದ ಮುಖ್ಯಸ್ಥ ನಾನು.’

‘ಸಂತೋಷ’ ಎಂದಳು ತುಂಗಮ್ಮ. ‘ಮುಖ್ಯಸ್ಥರೇ, ನಲ್ಲೀಲಿ ನೀರು ಬಂದಿದೆ, ಕೊಡ ಹಿಡೀರಿ.’

ಇಲ್ಲಿ ಎರಡು ವಾರ ಹಿಂದಿನ ಒಂದು ಸಂಗತಿಯನ್ನು ಹೇಳಿಬಿಡಬೇಕು. ಇದನ್ನು ಓದುವವರು ನೆನಪಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಮೂರ್ತಪ್ಪ ನೆನಪಿಟ್ಟುಕೊಳ್ಳಲಿಲ್ಲ.

ಎರಡು ವಾರದ ಹಿಂದೆ ಸಮುದಾಯ ಭವನದಲ್ಲಿ ಆನ್‌ಲೈನ್ ಮೋಸದ ಬಗ್ಗೆ ಒಂದು ಭಾಷಣವಿತ್ತು. ಕಳ್ಳರು ನಮ್ಮ ಹೆಬ್ಬೆಟ್ಟಿನ ಗುರುತನ್ನು ಅಂಟಿನ ಮೇಲೆ ಅಚ್ಚು ತೆಗೆದು ಬಳಸುತ್ತಾರೆ ಎಂದು ಭಾಷಣಕಾರರು ಹೇಳಿದಾಗ ಮುಂದಿನ ಸಾಲಿನಲ್ಲಿದ್ದ ಮೂರ್ತಪ್ಪ ಎರಡೂ ಕೈಗಳನ್ನು ಮುಷ್ಟಿ ಕಟ್ಟಿ ಪಂಚೆಯೊಳಗೆ ಇಟ್ಟುಕೊಂಡ. ಇದಕ್ಕೆ ಉಪಾಯವಿದೆ, ಫೋನಿನಲ್ಲಿ ಆಧಾರ್ ಆ್ಯಪ್ ಹಾಕಿಕೊಂಡು ನಿಮ್ಮ ಬೆರಳಿಗೆ ನೀವೇ ಬೀಗ ಹಾಕಬಹುದು ಎಂದಾಗ ಮೊದಲು ಎದ್ದು ನಿಂತವನೂ ಅವನೇ. ಸಹಾಯಕ್ಕೆ ಬಂದಿದ್ದ ಕವನ ಎಂಬ ಕಾಲೇಜು ಹುಡುಗಿ ಅವನ ಫೋನಿಗೆ ಆ್ಯಪ್ ಹಾಕಿ, ‘ಯಾವತ್ತೂ ಮರೀದೇ ಇರೋ ನಾಲ್ಕು ಅಂಕಿ ಒತ್ತಿ ಅಂಕಲ್, ನಾನು ಆ ಕಡೆ ನೋಡ್ತೀನಿ’ ಎಂದು ಮುಖ ತಿರುಗಿಸಿದಳು. ಮೂರ್ತಪ್ಪ ಯೋಚನೆ ಕೂಡ ಮಾಡದೆ ಟಿಕೆಟ್ ಹರಿದಷ್ಟು ವೇಗದಲ್ಲಿ ನಾಲ್ಕು ಅಂಕಿ ಒತ್ತಿದ. ಬೀಗ ಬಿತ್ತು.

‘ಬೇಕಾದಾಗ ನೀವೇ ತೆಗೀಬೇಕು ಅಂಕಲ್’ ಎಂದು ಕವನ ಹೇಳಿದ್ದಳು. ಆದರೆ ಆ ಹೊತ್ತಿಗೆ ಪಕ್ಕದ ಕುರ್ಚಿಯವರಿಗೆ ಬೀಗದ ಮಹಿಮೆ ವಿವರಿಸುವುದರಲ್ಲಿ ಮೂರ್ತಪ್ಪ ಮುಳುಗಿದ್ದ. ಅವನ ತಿಳಿವಳಿಕೆಯಲ್ಲಿ ಬೀಗವೆಂಬುದು ಇರುವುದು ಕಳ್ಳನಿಗಾಗಿ. ಸ್ವಂತ ಬೆರಳಿನ ಯಜಮಾನ ಬಂದರೆ ಅದು ತಾನಾಗಿ ದಾರಿ ಬಿಡಬೇಕು. ಬಸ್ಸಿನ ಬಾಗಿಲು ಕಂಡಕ್ಟರನಿಗೂ ಮುಚ್ಚಿರುತ್ತದೆಯೇ?

ಮುಖ್ಯಸ್ಥನಾದ ಮೂರನೆಯ ದಿನ ರೇಷನ್ ತರುವ ಸರದಿ ಬಂತು. ಯಾವಾಗಲೂ ಹೋಗುತ್ತಿದ್ದವಳು ತುಂಗಮ್ಮ. ಆ ದಿನ ಮೂರ್ತಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ತಾನೇ ಚೀಲ ಹಿಡಿದು ಹೊರಟ. ಜೊತೆಗೆ ಪಕ್ಕದ ಮನೆಯ ಭೂತಪ್ಪನೂ ಬಂದ.

ಭೂತಪ್ಪನಿಗೆ ಇಪ್ಪತ್ತೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಅದನ್ನು ಅವನು ಕಾಯಿಲೆ ಎಂದು ನೋಡಿದ್ದೇ ಇಲ್ಲ, ಹುದ್ದೆ ಎಂದು ನೋಡುತ್ತಿದ್ದ. ಹೆಂಡತಿ ತೀರಿಕೊಂಡ ಮೇಲೆ ಮಾತಾಡಲು ಅವನಿಗೆ ಉಳಿದಿದ್ದ ವಿಷಯವೂ ಅದೊಂದೇ.

ರೇಷನ್ ಅಂಗಡಿಯ ಪರಶುರಾಮ ಚಿಕ್ಕ ಮಿಷನ್ ಮುಂದೆ ತಳ್ಳಿದ. ಮೂರ್ತಪ್ಪ ಹೆಬ್ಬೆಟ್ಟು ಇಟ್ಟ. ಬೆರಳಿನ ಕೆಳಗೆ ಕೆಂಪು ಬೆಳಕು ಹೊತ್ತಿತು. ಮಿಷನ್ ಸ್ವಲ್ಪ ಯೋಚಿಸಿ ಕುಂಯ್ ಎಂದಿತು.

‘ಕೈ ಒರೆಸ್ಕೊಳ್ಳಣ್ಣ.’

ಒರೆಸಿಕೊಂಡು ಇಟ್ಟ. ಕುಂಯ್. ಎಡಗೈ ಇಟ್ಟ. ಕುಂಯ್. ತೋರುಬೆರಳು, ನಡುಬೆರಳು, ಉಂಗುರದ ಬೆರಳು ಎಲ್ಲವೂ ಸಾಲಾಗಿ ಬಂದು ನಮಸ್ಕಾರ ಮಾಡಿ ಹೋದವು.

‘ಇದೇನಿದು ವಿಚಿತ್ರ’ ಎಂದು ಪರಶುರಾಮ ಮಿಷನ್ ಎತ್ತಿ ಹಿಡಿದು ನೋಡಿದ. ‘ಬೆರಳು ಸರಿ ಕೂರದಿದ್ರೆ ಮುನ್ನೂರು ಅಂತ ಬರುತ್ತೆ. ನಿಮಗೆ ಮುನ್ನೂರ ಮೂವತ್ತು ಬಂದಿದೆ. ನಾನು ಇಷ್ಟು ಯಾವತ್ತೂ ನೋಡಿಲ್ಲ.’

ಅಂಕಿಯ ಕೆಳಗೆ ಇಂಗ್ಲಿಷಿನಲ್ಲಿ ಏನೋ ಒಂದು ಸಾಲು ಇರುತ್ತದೆ. ಆದರೆ ಪರಶುರಾಮನ ಮಿಷನ್ ಹೋದ ತಿಂಗಳು ಅಕ್ಕಿಮೂಟೆಯ ಮೇಲಿಂದ ಬಿದ್ದು ಗಾಜಿನ ಕೆಳಗಿನ ಅರ್ಧಕ್ಕೆ ಪ್ಲಾಸ್ಟರ್ ಸುತ್ತಿಸಿಕೊಂಡಿತ್ತು.

ಭೂತಪ್ಪನ ಮುಖ ಗಂಭೀರವಾಯಿತು. ಅವನು ಮೂರ್ತಪ್ಪನ ತೋಳು ಹಿಡಿದುಕೊಂಡ.

‘ಎಷ್ಟು ಅಂದೆ ಪರಶುರಾಮ?’

‘ಮುನ್ನೂರ ಮೂವತ್ತು.’

‘ಬರೀ ಹೊಟ್ಟೇಲಾ, ತಿಂಡಿ ತಿಂದ ಮೇಲಾ?’

‘ತಿಂಡಿ ಆಗಿದೆ’ ಎಂದ ಮೂರ್ತಪ್ಪ, ಏನೂ ಅರ್ಥವಾಗದೆ. ‘ಎರಡು ರೊಟ್ಟಿ.’

‘ರೊಟ್ಟಿಗೆ ಮುನ್ನೂರ ಮೂವತ್ತಾ! ಮಾರಾಯ, ನಿಂತ್ಕೊಬೇಡ. ಕೂತ್ಕೊ. ಯಾರಾದ್ರೂ ಕುರ್ಚಿ ಕೊಡ್ರೋ!’

ಭೂತಪ್ಪನನ್ನು ದೂರಿ ಪ್ರಯೋಜನವಿಲ್ಲ. ಇಪ್ಪತ್ತೆರಡು ವರ್ಷದಿಂದ ಅವನು ಒಂದು ಚಿಕ್ಕ ಮಿಷನ್ನಿಗೆ ಬೆರಳು ಕೊಡುತ್ತಿದ್ದ, ಅದು ಒಂದು ಅಂಕಿ ತೋರಿಸುತ್ತಿತ್ತು. ಇಲ್ಲೂ ಮಿಷನ್, ಇಲ್ಲೂ ಬೆರಳು, ಇಲ್ಲೂ ಅಂಕಿ. ಸರ್ಕಾರ ದಿನಕ್ಕೊಂದು ಹೊಸದು ತರುವ ಕಾಲದಲ್ಲಿ ಅಕ್ಕಿ ಕೊಡುವ ಮುಂಚೆ ಸಕ್ಕರೆ ನೋಡುವುದರಲ್ಲಿ ತಪ್ಪೇನಿದೆ? ಸಾಲಿನಲ್ಲಿದ್ದವರಿಗೂ ಅದು ನ್ಯಾಯವಾಗಿಯೇ ಕಂಡಿತು. ‘ಅದಕ್ಕೇ ಅಕ್ಕಿ ಕೊಡ್ತಿಲ್ಲ ನೋಡಿ’ ಎಂದು ಒಬ್ಬರು ಮೆಚ್ಚಿಕೊಂಡರು. ‘ಅನ್ನ ತಿನ್ನಬಾರ್ದಲ್ಲ.’

ಪರಶುರಾಮ ಮಾತ್ರ ‘ಇದು ಆ ಮಿಷನ್ ಅಲ್ಲ ಕಣಣ್ಣ’ ಎಂದು ಎರಡು ಸಲ ಹೇಳಿದ. ಯಾರೂ ಕೇಳಿಸಿಕೊಳ್ಳಲಿಲ್ಲ. ತುಂಗಮ್ಮ ಬಂದು ಹೆಬ್ಬೆಟ್ಟು ಇಟ್ಟಾಗ ಅದೇ ಮಿಷನ್ ಅರೆಕ್ಷಣದಲ್ಲಿ ಒಪ್ಪಿಕೊಂಡು ಅಕ್ಕಿ ಕೊಡಿಸಿತು. ಅವಳಿಗೆ ಸಕ್ಕರೆ ಇಲ್ಲ ಎಂಬುದಕ್ಕೆ ಅದೇ ಸಾಕ್ಷಿಯಾಯಿತು.

‘ಒಂದ್ಸಲ ರಕ್ತ ಪರೀಕ್ಷೆ ಮಾಡಿಸಿ ರೀ’ ಎಂದು ತುಂಗಮ್ಮ ಹೇಳಿ ನೋಡಿದಳು. ಸೂಜಿಯೆಂದರೆ ಮೂರ್ತಪ್ಪನಿಗೆ ಹುಟ್ಟಿದಾಗಿನಿಂದ ಆಗದು.

‘ಸರ್ಕಾರದ ಮಿಷನ್ನೇ ಹೇಳಿದ ಮೇಲೆ ಇನ್ನೊಂದು ಸೂಜಿ ಯಾಕೆ? ಸರ್ಕಾರಕ್ಕಿಂತ ಅವ್ರು ದೊಡ್ಡೋರಾ?’

ಹೀಗೆ ಮೂರ್ತಪ್ಪ ಸಕ್ಕರೆಯವರ ಸಾಲಿಗೆ ಸೇರಿದ. ಭೂತಪ್ಪ ಅವನನ್ನು ತನ್ನ ವಶಕ್ಕೆ ತೆಗೆದುಕೊಂಡ. ಬೆಳಗ್ಗೆ ಐದೂವರೆಗೆ ಬಾಗಿಲು ಬಡಿದು ನಡಿಗೆಗೆ ಕರೆದೊಯ್ಯುತ್ತಿದ್ದ. ಮೆಂತ್ಯ ನೆನೆಸಿದ ನೀರನ್ನು ಲೋಟದಲ್ಲಿ ತಂದು ಎದುರಿಗೇ ಕುಡಿಸುತ್ತಿದ್ದ. ಸಕ್ಕರೆಯವರು ಹಾಕಿಕೊಳ್ಳುವ ಮೆತ್ತನೆಯ ಚಪ್ಪಲಿ ಅವನಲ್ಲಿ ಎರಡು ಜೊತೆ ಇತ್ತು. ಹೊಸ ಜೊತೆಯನ್ನೇ ಮೂರ್ತಪ್ಪನಿಗೆ ಕೊಟ್ಟ. ಎದುರುಮನೆಯ ಜಗದಾಂಬಾ ಟೀಚರ್ ದಿನ ಬಿಟ್ಟು ದಿನ ಹಾಗಲಕಾಯಿ ಗೊಜ್ಜು ಕಳಿಸಿದರು, ಅದಕ್ಕೆ ಒಂದು ಚೂರೂ ಬೆಲ್ಲ ಹಾಕದೆ. ಬಸ್ ಸ್ಟಾಪಿನ ಚಹಾದಂಗಡಿಯವನು ಮೂರ್ತಪ್ಪನ ಲೋಟಕ್ಕೆ ಸಕ್ಕರೆ ಹಾಕುವುದನ್ನು ನಿಲ್ಲಿಸಿದ್ದಲ್ಲದೆ, ಅವನ ಮುಂದೆ ಬೇರೆಯವರ ಲೋಟಕ್ಕೂ ಗೋಡೆ ಕಡೆ ತಿರುಗಿಕೊಂಡು ಹಾಕುತ್ತಿದ್ದ.

ಮೂರ್ತಪ್ಪ ಸೊರಗಿದ. ಕಾಲು ಜೋಮು ಹಿಡಿದಂತೆ ಅನ್ನಿಸಿತು, ಕಣ್ಣು ಮಂಜಾದಂತೆ ಅನ್ನಿಸಿತು. ಭೂತಪ್ಪ ಮೊದಲೇ ಹೇಳಿದ್ದ ಲಕ್ಷಣಗಳೆಲ್ಲ ಹೇಳಿದ ಕ್ರಮದಲ್ಲೇ ಬಂದವು.

ಇಷ್ಟಕ್ಕೇ ಮುಗಿದಿದ್ದರೆ ಚಿಂತೆಯಿರಲಿಲ್ಲ. ಆದರೆ ಸುದ್ದಿ ಬಸ್ ಹತ್ತಿತು. ಆ ದಾರಿಯ ಕಂಡಕ್ಟರುಗಳೆಲ್ಲ ಮೂರ್ತಪ್ಪನ ಶಿಷ್ಯರು. ಮಲವಗೊಪ್ಪದಲ್ಲಿ ಬೆಳಗ್ಗೆ ಮುನ್ನೂರ ಮೂವತ್ತಿದ್ದದ್ದು ಒಂದೊಂದು ಸ್ಟಾಪಿಗೂ ಸ್ವಲ್ಪ ಸ್ವಲ್ಪ ಏರಿ, ಭದ್ರಾವತಿ ತಲುಪುವಾಗ ಐನೂರಾಗಿತ್ತು. ಅಲ್ಲಿಂದ ಕ್ವಾರ್ಟರ್ಸಿಗೆ ಆಟೋದಲ್ಲಿ ಹೋಗುವಷ್ಟರಲ್ಲಿ ಎಡಗಾಲಿನ ಎರಡು ಬೆರಳು ತೆಗೆಯಬೇಕಂತೆ ಎಂದಾಗಿತ್ತು.

ಇಪ್ಪತ್ತಾರನೇ ತಾರೀಕು ದ್ಯಾಮಮ್ಮನ ಫೋನ್ ಬಂತು.

‘ಮೂರ್ತಿ, ನಾನು ಬರಲ್ಲ ಕಣಪ್ಪ. ನಿನ್ನ ಕಾಲೇ ಹೀಗಿರುವಾಗ ತುಂಗಮ್ಮ ನಿನ್ನ ನೋಡ್ತಾಳೋ ನನ್ನ ನೋಡ್ತಾಳೋ? ತರೀಕೆರೆಗೆ ಬರ್ತೀನಿ ಅಂತ ಹೇಳಿಬಿಟ್ಟೆ.’

ಮೂರ್ತಪ್ಪ ಮೆತ್ತನೆಯ ಚಪ್ಪಲಿಯಲ್ಲೇ ಭದ್ರಾವತಿ ಬಸ್ ಹತ್ತಿದ.

ಕ್ವಾರ್ಟರ್ಸಿನ ಸಾಲು ಅರ್ಧ ಖಾಲಿಯಾಗಿತ್ತು. ದ್ಯಾಮಮ್ಮ ಟ್ರಂಕು ಕಟ್ಟಿ ಜಗುಲಿಯಲ್ಲಿ ಇಟ್ಟಿದ್ದಳು. ಮೊದಲು ತಮ್ಮನ ಕಾಲನ್ನು ನೋಡಿ, ಬಗ್ಗಿ ಬೆರಳು ಎಣಿಸಿದಳು. ಹತ್ತೂ ಇದ್ದವು.

ಪಕ್ಕದ ಮನೆಯ ಪಳನಿಯಮ್ಮ ಕಾಫಿ ಹಿಡಿದು ಬಂದಳು. ಅರವತ್ತು ವರ್ಷ ಭದ್ರಾವತಿಯಲ್ಲಿದ್ದರೂ ಅವಳ ಕನ್ನಡ ತಮಿಳಿನ ಚಪ್ಪಲಿ ಬಿಚ್ಚಿ ಒಳಗೆ ಬಂದಿರಲಿಲ್ಲ. ‘ಎನ್ನಪ್ಪಾ ಮೂರ್ತಿ, ಐನೂರು ಶುಗರಾ? ಸಕ್ಕರೆ ಇಲ್ಲದೆ ಮಾಡಿದೀನಿ, ಕುಡಿ. ಈಗಲಾದ್ರೂ ಸರಿಯಾದ ಮನೇಲಿ ಕೂತಿದೀಯಲ್ಲ!’

ದ್ಯಾಮಮ್ಮ ನಕ್ಕಳು. ಅದು ಹಳೆಯ ಕಥೆ. ಅಪ್ಪ ಅಮ್ಮ ಇಬ್ಬರೂ ಒಂದೇ ವರ್ಷದಲ್ಲಿ ಹೋದಾಗ ಮೂರ್ತಪ್ಪನಿಗೆ ಒಂಬತ್ತು ವರ್ಷ. ಹೊಸದಾಗಿ ಮದುವೆಯಾಗಿದ್ದ ದ್ಯಾಮಮ್ಮ ಅವನನ್ನು ಈ ಮನೆಗೇ ಕರೆತಂದಳು. ರಾಮಯ್ಯ ಒಂದು ಮಾತೂ ಆಡದೆ ತನ್ನ ತಟ್ಟೆಯ ಪಕ್ಕದಲ್ಲಿ ಇನ್ನೊಂದು ತಟ್ಟೆ ಇಟ್ಟ. ಆದರೆ ಇಲ್ಲಿ ಮನೆಗಳೆಲ್ಲ ಒಂದೇ ಥರ: ಒಂದೇ ಹಂಚು, ಒಂದೇ ಹಸಿರು ಬಾಗಿಲು. ಶಾಲೆಯಿಂದ ಬಂದ ಹುಡುಗ ಯಾವುದೋ ಮನೆಗೆ ನುಗ್ಗಿ, ಅಡುಗೆಮನೆಯಲ್ಲಿ ಕೂತು, ಬಡಿಸಿದ್ದನ್ನು ತಿಂದುಬಿಡುತ್ತಿದ್ದ. ಬಡಿಸಿದವರೂ ಯಾರ ಮಗನೋ ಎಂದು ಕೇಳದೆ ಬಡಿಸುತ್ತಿದ್ದರು. ಹಾಗಾಗಿ ತಾನು ತಪ್ಪು ಮನೆಯಲ್ಲಿದ್ದೇನೆಂದು ಹುಡುಗನಿಗೆ ಊಟ ಮುಗಿಯುವವರೆಗೂ ತಿಳಿಯುತ್ತಿರಲಿಲ್ಲ. ಕೊನೆಗೆ ದ್ಯಾಮಮ್ಮ ಅವನ ಕೈಹಿಡಿದು ಬಾಗಿಲ ತಗಡಿನ ಮೇಲಿನ ನಂಬರನ್ನು ಬೆರಳಿನಿಂದ ತಿದ್ದಿಸಿದ್ದಳು. ದಿನಕ್ಕೆ ಹತ್ತು ಸಲ, ಒಂದು ತಿಂಗಳು.

‘ಅಕ್ಕ’ ಎಂದ ಮೂರ್ತಪ್ಪ. ‘ನಾಡಿದ್ದು ಟೋಕನ್ ಇದೆ. ಒಂದ್ಸಲ ಬಾ. ನಾನು ಮುಖ್ಯಸ್ಥ ಅಂತ ಆ ಹುಡುಗಿ ಹೇಳಿದಾಳೆ. ಹೆಬ್ಬೆಟ್ಟು ಒತ್ತಿ ನಿನ್ನನ್ನ ನಮ್ಮನೆಗೆ ಸೇರಿಸ್ಕೊಂಡೇ ತೀರ್ತೀನಿ. ಆಮೇಲೆ ಕಾಲು ಹೋಗ್ಲಿ, ಕೈ ಹೋಗ್ಲಿ.’

ದ್ಯಾಮಮ್ಮ ಕಾಫಿ ಲೋಟವನ್ನು ತಮ್ಮನ ಕಡೆ ಸರಿಸಿದಳು.

‘ನಿನ್ನ ಬೆರಳು ಒಪ್ಪಿದ್ರೆ ಬರ್ತೀನಿ’ ಎಂದಳು. ‘ಒಪ್ಪದಿದ್ರೆ ಅಲ್ಲಿಂದಲೇ ತರೀಕೆರೆ ಬಸ್ ಹತ್ತಿಸ್ಬೇಕು. ಅತ್ತು ಕರೆದು ಮಾಡ್ಬಾರ್ದು.’

ಇಪ್ಪತ್ತೆಂಟನೇ ತಾರೀಕು ಆಧಾರ್ ಕೇಂದ್ರಕ್ಕೆ ಒಂದು ಪುಟ್ಟ ದಿಬ್ಬಣವೇ ಹೊರಟಿತು: ಮೂರ್ತಪ್ಪ, ತುಂಗಮ್ಮ, ಟ್ರಂಕಿನ ಸಮೇತ ದ್ಯಾಮಮ್ಮ, ಮತ್ತು ತುರ್ತಿಗೆ ಇರಲಿ ಎಂದು ಮೆಂತ್ಯದ ನೀರಿನ ಬಾಟಲಿ ಹಿಡಿದ ಭೂತಪ್ಪ. ಮುಂದಿನ ಎರಡು ದಿನ ಕೇಂದ್ರಕ್ಕೆ ರಜೆ ಎಂದು ಬಾಗಿಲಲ್ಲೇ ಬರೆದಿತ್ತು. ಇವರದು ಕೊನೆಯಿಂದ ಎರಡನೆಯ ಟೋಕನ್. ಕೂಗಿದಾಗ ನಾಲ್ಕೂವರೆ. ಕೇಂದ್ರ ಮುಚ್ಚುವುದು ಐದಕ್ಕೆ.

ಸುಪ್ರಿಯಾ ಮಿಷನ್ ಮುಂದಿಟ್ಟಳು. ಮೂರ್ತಪ್ಪ ಕಣ್ಣು ಮುಚ್ಚಿ ಹೆಬ್ಬೆಟ್ಟು ಇಟ್ಟ. ಕೆಂಪು ಬೆಳಕು ಹೊತ್ತಿತು.

‘ಮುನ್ನೂರ ಮೂವತ್ತು’ ಎಂದಳು ಸುಪ್ರಿಯಾ.

‘ನೋಡಿದ್ರಾ!’ ಭೂತಪ್ಪ ಮುಂದೆ ಬಂದ. ‘ಎಂಟು ದಿನದ ಪಥ್ಯಕ್ಕೂ ಒಂದು ಪಾಯಿಂಟ್ ಇಳಿದಿಲ್ಲ! ಮೇಡಂ, ಅವ್ನಿಗೆ ವಿಪರೀತ ಸಕ್ಕರೆ. ಸ್ವಲ್ಪ ನೀರು ಕುಡಿಸ್ಲಾ? ಹತ್ತು ನಿಮಿಷ ಬಿಟ್ಟು ನೋಡಿದ್ರೆ ಇಳೀಬಹುದು.’

ಸುಪ್ರಿಯಾ ಅವನನ್ನು ನೋಡಿದಳು, ಬಾಟಲಿಯನ್ನು ನೋಡಿದಳು, ಮೂರ್ತಪ್ಪನ ಚಪ್ಪಲಿಯನ್ನು ನೋಡಿದಳು. ನಗು ಬಂದಿರಲೇಬೇಕು. ಆದರೆ ನಗಲಿಲ್ಲ; ಅದನ್ನು ತುಂಗಮ್ಮ ಕೊನೆಯವರೆಗೂ ನೆನಪಿಟ್ಟುಕೊಂಡಳು.

‘ಇದು ಸಕ್ಕರೆ ಅಲ್ಲ ಯಜಮಾನ್ರೆ’ ಎಂದು ಸುಪ್ರಿಯಾ ಪರದೆಯನ್ನು ಅವರ ಕಡೆ ತಿರುಗಿಸಿದಳು. ‘ಕೆಳಗೆ ಬರೆದಿದೆ ನೋಡಿ. ಬೆರಳಿನವರೇ ಬೀಗ ಹಾಕಿದಾರೆ ಅಂತ. ನೀವೇ ಹಾಕ್ಕೊಂಡಿದೀರಾ?’

ಮೂರ್ತಪ್ಪನಿಗೆ ಸಮುದಾಯ ಭವನ, ಮುಂದಿನ ಸಾಲು, ಪಂಚೆಯೊಳಗಿನ ಮುಷ್ಟಿ ಎಲ್ಲ ಒಂದೊಂದಾಗಿ ನೆನಪಿಗೆ ಬಂದವು.

‘ಅದು ಕಳ್ಳರಿಗೆ ಅಂತ ಹಾಕಿದ್ದು...’ ಎಂದ ಸಣ್ಣ ದನಿಯಲ್ಲಿ. ‘ನನಗೆ ಅಂತ ಅಲ್ಲ.’

‘ಬೀಗಕ್ಕೆ ಯಾರು ಕಳ್ಳ ಯಾರು ಯಜಮಾನ ಅಂತ ಹೇಗೆ ಗೊತ್ತಾಗುತ್ತೆ? ಕೀಲಿ ಇದ್ದೋರೇ ಯಜಮಾನರು. ನಿಮ್ಮ ಫೋನಲ್ಲೇ ತೆಗೀಬಹುದು, ಆ್ಯಪ್ ತೆರೀರಿ. ನಾಲ್ಕು ಅಂಕಿ ಕೇಳ್ತಿದೆ. ಏನಿಟ್ಟಿದ್ರಿ?’

ಮೂರ್ತಪ್ಪನಿಗೆ ಗೊತ್ತಿರಲಿಲ್ಲ. ಯೋಚಿಸಿ ಇಟ್ಟಿದ್ದರೆ ತಾನೇ ಗೊತ್ತಿರುವುದು?

ತಾನು ಹೆಚ್ಚು ವರ್ಷ ದುಡಿದ ಬಸ್ಸಿನ ನಂಬರ್ ಒತ್ತಿದ. ತಪ್ಪು. ಹುಟ್ಟಿದ ವರ್ಷ ಒತ್ತಿದ. ತಪ್ಪು. ಅದು ಆಗುವ ಸಂಭವವೂ ಕಡಿಮೆಯಿತ್ತು, ಶಾಲೆಯ ಮೇಷ್ಟರು ಅಂದಾಜಿಗೆ ಬರೆದುಕೊಂಡಿದ್ದ ವರ್ಷ ಅದು. ಮದುವೆಯಾದ ವರ್ಷ ಒತ್ತಲು ಹೋದಾಗ ತುಂಗಮ್ಮ, ‘ಅದೂ ತಪ್ಪಾಗಿ ಒತ್ತಬೇಡಿ, ಅದರ ಹಿಂದಿನ ವರ್ಷ’ ಎಂದಳು. ಸರಿಯಾದ ವರ್ಷವೂ ತಪ್ಪಾಯಿತು.

‘ಸುಮ್ನೆ ಒತ್ತಬೇಡಿ’ ಎಂದಳು ಸುಪ್ರಿಯಾ. ‘ಎಲ್ಲ ಅಳಿಸಿ ಹೊಸದಾಗಿ ಹಾಕ್ಬಹುದು, ಆದ್ರೆ ಇವತ್ತು ಸಮಯ ಸಾಲಲ್ಲ. ಇನ್ನೊಬ್ರು ಕಾಯ್ತಿದಾರೆ.’

ಬೆಂಚಿನಲ್ಲಿ ಕೊನೆಯ ಟೋಕನ್ ಹಿಡಿದು ಕೂತಿದ್ದ ಹುಲಿಗೆಮ್ಮ ಎಂಬ ಹೆಂಗಸು ಮಗುವನ್ನು ಒಂದು ತೊಡೆಯಿಂದ ಇನ್ನೊಂದಕ್ಕೆ ಬದಲಿಸಿದಳು. ‘ಅವ್ರದ್ದೇ ಆಗ್ಲಿ ಅಕ್ಕ. ನಾನು ಇಲ್ಲೇ ಹತ್ರದೋಳು, ರಜ ಕಳೆದು ಬರ್ತೀನಿ’ ಎಂದಳು.

ದ್ಯಾಮಮ್ಮ ಆಗಲೇ ಟ್ರಂಕಿನ ಹಿಡಿಯ ಮೇಲೆ ಕೈಯಿಟ್ಟಿದ್ದಳು. ‘ತರೀಕೆರೆಗೆ ಐದೂವರೆಗೆ ಒಂದು ಬಸ್ಸಿದೆಯಲ್ಲ ಮೂರ್ತಿ?’

ಐದೂ ಮೂವತ್ತೈದಕ್ಕೆ ಇತ್ತು. ಮೂರ್ತಪ್ಪನಿಗೆ ಆ ದಾರಿಗಳ ಎಲ್ಲ ಬಸ್ಸುಗಳ ಹೊತ್ತೂ ಗೊತ್ತಿತ್ತು. ಅವನು ಜೀವಮಾನದಲ್ಲಿ ಮೊದಲ ಬಾರಿ ಒಬ್ಬರು ಪ್ರಯಾಣಿಕರಿಗೆ, ‘ಗೊತ್ತಿಲ್ಲ’ ಎಂದ.

ಸುಪ್ರಿಯಾ ಗಡಿಯಾರ ನೋಡಿ, ಸುಮ್ಮನೆ ಕೂರುವ ಬದಲು ಅರ್ಜಿಯಾದರೂ ತುಂಬಿರೋಣ ಎಂದು ಕೀಬೋರ್ಡಿಗೆ ಕೈ ಹಾಕಿದಳು. ‘ಅಜ್ಜಿ, ನಿಮ್ಮ ಹಳೇ ವಿಳಾಸ ಹೇಳಿ. ಅಳಿಸೋಕೆ ಮುಂಚೆ ಒಂದ್ಸಲ ಸರಿ ನೋಡ್ತೀನಿ.’

ದ್ಯಾಮಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತು ಹೇಳಿದಳು. ‘ಕ್ವಾರ್ಟರ್ಸ್ ನಂಬರ್ ಹನ್ನೊಂದು ಅರವತ್ತೆರಡು.’

ಫೋನಿನ ಮೇಲಿದ್ದ ಮೂರ್ತಪ್ಪನ ಹೆಬ್ಬೆಟ್ಟು ಅಲುಗಿತು. ಅವನು ಒತ್ತಲಿಲ್ಲ, ಬೆರಳೇ ಒತ್ತಿತು ಎಂದು ಅವನು ಇವತ್ತಿಗೂ ಹೇಳುತ್ತಾನೆ. ಒಂದು, ಒಂದು, ಆರು, ಎರಡು. ಐವತ್ತೇಳು ವರ್ಷದ ಹಿಂದೆ ತಗಡಿನ ಮೇಲೆ ತಿದ್ದಿದ ಅದೇ ಕ್ರಮದಲ್ಲಿ.

ಆ್ಯಪ್ ತೆರೆದುಕೊಂಡಿತು.

ದ್ಯಾಮಮ್ಮ ತಮ್ಮನ ಬೆರಳನ್ನು ನೋಡಿದಳು. ಟ್ರಂಕಿನ ಹಿಡಿ ಬಿಟ್ಟಳು.

‘ಬೀಗ ತೆಗೆದಾಯ್ತು’ ಎಂದಳು ಸುಪ್ರಿಯಾ. ‘ಹತ್ತೇ ನಿಮಿಷ. ಆಮೇಲೆ ತಾನೇ ಮತ್ತೆ ಬೀಳುತ್ತೆ. ಬೇಗ!’

ಹತ್ತು ನಿಮಿಷ ಎಂದರೆ ಏನೆಂದು ಕಂಡಕ್ಟರನಿಗೆ ಹೇಳಿಕೊಡಬೇಕಾಗಿಲ್ಲ. ಮೂವತ್ತೆಂಟು ವರ್ಷದ ಹಳೆಯ ಮೂರ್ತಪ್ಪ ಎದ್ದು ನಿಂತ. ‘ಅಕ್ಕ ಮುಂದೆ ಬಾ, ಮುಂದೆ ಬಾ! ಭೂತಪ್ಪ, ಬಾಗಿಲಲ್ಲಿ ನಿಲ್ಲಬೇಡ, ಒಳಗೆ ಸರಿ! ತುಂಗಾ, ಟ್ರಂಕು ಸೀಟಿನ ಕೆಳಗೆ!’ ಕೇಂದ್ರದ ಬೇರೆ ಮೇಜಿನವರೂ ಕಾರಣ ತಿಳಿಯದೆ ಒಳಗೆ ಸರಿದರು. ಅವನು ಬೆರಳಿಟ್ಟ, ಹಸಿರು ದೀಪ ಹೊತ್ತಿತು. ದ್ಯಾಮಮ್ಮನ ಬೆರಳುಗಳು ನಿಜವಾಗಿಯೂ ಸವೆದು ನುಣ್ಣಗಾಗಿದ್ದವು. ಐವತ್ತು ವರ್ಷ ಪಾತ್ರೆ ತಿಕ್ಕಿದ ಬೆರಳು. ‘ಪರವಾಗಿಲ್ಲ ಅಜ್ಜಿ, ಕಣ್ಣಿಂದ ತಗೊಳ್ತೀನಿ’ ಎಂದು ಸುಪ್ರಿಯಾ ಇನ್ನೊಂದು ಮಿಷನ್ ಹಿಡಿದಳು. ‘ಕಣ್ಣು ದೊಡ್ಡದು ಮಾಡಿ. ಒರೆಸ್ಕೊಳ್ಳಿ ಮೊದ್ಲು, ಒದ್ದೆಯಾಗಿದೆ.’

ಒಂಬತ್ತನೆಯ ನಿಮಿಷಕ್ಕೆ ಮೂರ್ತಪ್ಪ ‘ರೈಟ್!’ ಎಂದ.

ಆಗ ಮೇಜಿನ ಮೇಲಿನ ಗಡಿಯಾರದಲ್ಲಿ ಐದಾಗಲು ಇನ್ನೂ ಏಳು ನಿಮಿಷವಿತ್ತು. ಸುಪ್ರಿಯಾ ಬೆಂಚಿನ ಕಡೆ ನೋಡಿ, ‘ಮಗೂನ ಕರ್ಕೊಂಡ್ ಬಾರಮ್ಮ, ಮುಗಿಸೇ ಹೋಗೋಣ’ ಎಂದಳು.

ಸುಪ್ರಿಯಾ ಕೊಟ್ಟ ಚೀಟಿಯಲ್ಲಿ ಹೊಸ ವಿಳಾಸ ಇತ್ತು. ಅದು ಕಾರ್ಡಿನಲ್ಲಿ ಬರಲು ಕೆಲವು ವಾರ ಬೇಕು, ಅಕ್ಕಿಗೆ ಅದರ ನಂತರ ಅರ್ಜಿ ಹಾಕಬೇಕು ಎಂದು ಅವಳು ಹೇಳಿದಾಗ ಮೂರ್ತಪ್ಪ ಹೆದರಿ ಅಕ್ಕನ ಮುಖ ನೋಡಿದ. ದ್ಯಾಮಮ್ಮ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ‘ಮಲವಗೊಪ್ಪ’ ಎಂದು ಕೂಡಿಸಿಕೊಂಡು ಓದಿದಳು.

‘ಅಲ್ಲೀವರೆಗೆ ಟ್ರಂಕಲ್ಲಿ ನನ್ನ ಅಕ್ಕಿ ಇದೆ’ ಎಂದಳು.

ಸಂಜೆಯ ಬಸ್ಸಿನಲ್ಲಿ ಭೂತಪ್ಪ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಾ ಕೂತ. ಸಕ್ಕರೆ ಇಲ್ಲವೆಂದ ಮೇಲೆ ಇನ್ನು ಅವನ ಬಾಟಲಿಗೆ, ಬೆಳಗಿನ ಐದೂವರೆಗೆ ಏನು ಕೆಲಸ? ಮೂರ್ತಪ್ಪ ಚಪ್ಪಲಿ ಬಿಚ್ಚಿ ಕೊಡಲು ಹೋದ.

‘ಇರ್ಲಿ, ನಿನ್ನ ಕಾಲಿಗೆ ಹೊಂದ್ಕೊಂಡಿದೆ’ ಎಂದ ಭೂತಪ್ಪ.

‘ಹೌದು ಮಾರಾಯ’ ಎಂದು ಮೂರ್ತಪ್ಪ ಮತ್ತೆ ಹಾಕಿಕೊಂಡ. ‘ಬೆಳಗ್ಗೆ ಬಾಗಿಲು ಬಡಿ. ನೀನು ಕರೀದಿದ್ರೆ ನನಗೆ ಎಚ್ಚರ ಆಗಲ್ಲ.’

ಮರುದಿನ ಅವರು ನಡಿಗೆ ಮುಗಿಸಿ ಬಂದಾಗ ಮನೆಯ ಮುಂಬಾಗಿಲಲ್ಲಿ, ಮನೆಯ ಸ್ವಂತ ನಂಬರಿನ ಕೆಳಗೆ, ತುಕ್ಕು ಹಿಡಿದ ಒಂದು ತಗಡಿನ ತುಂಡು ಹೊಡೆದಿತ್ತು. ದ್ಯಾಮಮ್ಮ ಟ್ರಂಕಿನ ತಳದಲ್ಲಿ ಅಕ್ಕಿಯ ಜೊತೆ ಅದನ್ನೂ ತಂದಿದ್ದಳು. ಮೊಳೆ ಹೊಡೆದವಳು ತುಂಗಮ್ಮ. ಮನೆಗೆ ಎರಡು ನಂಬರ್ ಇರಬಾರದೆಂದು ಯಾವ ನಿಯಮವಿದೆ ಎಂದು ಪಡಿತರ ಚೀಟಿಯ ಮುಖ್ಯಸ್ಥೆ ಕೇಳಿದ್ದಳು.

ಭೂತಪ್ಪ ಕನ್ನಡಕ ತಂದಿರಲಿಲ್ಲ. ಹತ್ತಿರ ಬಾಗಿ, ಕಣ್ಣು ಕಿರಿದು ಮಾಡಿ ಅಂಕಿಗಳನ್ನು ಓದಿದ. ಹಾಗೇ ಎರಡು ಹೆಜ್ಜೆ ಹಿಂದೆ ಸರಿದ.

‘ಹನ್ನೊಂದು ನೂರ ಅರವತ್ತೆರಡೇ! ಅಯ್ಯೋ ಮಾರಾಯ, ಇದು ಯಾರದ್ದೋ?’

ಒಳಗಿನಿಂದ ದ್ಯಾಮಮ್ಮ ತನ್ನ ಅಕ್ಕಿಯಲ್ಲಿ ತಾನೇ ಮಾಡಿದ ಪಾಯಸದ ಲೋಟ ಹಿಡಿದು ಬಂದಳು.

‘ನಂದು ಕಣಣ್ಣ’ ಎಂದಳು. ‘ಐವತ್ತೇಳು ವರ್ಷದಿಂದ ಇಷ್ಟೇ ಇದೆ. ಏನೂ ಆಗಿಲ್ಲ.’